ಗೊರಕೆ ಕೊಟ್ಟು ಮಾತು ಉಳಿಸಿಕೊಂಡ ಹಾರ್ಡ್ ಡಿಸ್ಕ್ ಅವರಿಗೆ

ಸದ್ಯ ಚಿಕ್ಕಬಾಣಾವರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಬಿಜಯಂಗೈದಿರುವ ಮಾನ್ಯ ಹಾರ್ಡ್ ಡಿಸ್ಕ್ ಅವರ ಸನ್ನಿಧಾನಕ್ಕೆ, ಮಾಕಳಿಯ ಬಾಡಿಗೆ ಮನೆಯಿಂದ ಮಹಾನಂದಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂದು ತಿಳಿದೇ ಬರೆಯುತ್ತಿರುವುದರಿಂದ ಕ್ಷೇಮವೇ ಎಂದು ಕೇಳುವುದಿಲ್ಲ. ಯಾವುದೋ ಆಫೀಸಿನಲ್ಲಿ ದುಡಿದು ಹಳೆಯ ಮಾಲಾಗಿ ನಮ್ಮ ಮನೆಗೆ ಬಂದ ಕಂಪ್ಯೂಟರಿನೊಳಗೆ ಕುಳಿತು, ಕರೆಂಟು ಹೋದಾಗಲೆಲ್ಲ ಬೇಸರಿಸದೆ ಮತ್ತೆ ಎದ್ದು, ನಾವು ಇಟ್ಟದ್ದನ್ನೆಲ್ಲ ಜೋಪಾನ ಮಾಡಿದ ತಮ್ಮ ಸೇವೆಯನ್ನು ನಾನು ಮರೆತಿಲ್ಲ. ಆದರೆ ಯುಗಾದಿ ಕಳೆದ ಮೇಲೆ ತಾವು ಹಲ್ಲಿಯಂತೆ ಲೊಚಗುಟ್ಟತೊಡಗಿದಿರಿ, ಆಮೇಲೆ ಕಟಕಟ ಎಂದಿರಿ, ಒಂದು ಫೋಟೊ ತೆರೆಯಲು ಹೇಳಿ ನಾನು ಅಕ್ಕಿ ಆರಿಸಿ, ತೊಳೆದು, ಒಲೆಗಿಟ್ಟು ಬಂದರೂ ಯೋಚಿಸುತ್ತಲೇ ಇರುತ್ತಿದ್ದಿರಿ. ಇಷ್ಟು ಆಳವಾಗಿ ಯೋಚಿಸುವವರು ನಮ್ಮ ಪಂಚಾಯಿತಿಯಲ್ಲೂ ಇಲ್ಲ.

ತಮ್ಮ ಕಾಯಿಲೆಯನ್ನು ಮೊದಲು ಪರೀಕ್ಷಿಸಿದವನು ಪಕ್ಕದ ಮನೆಯ ಯಮನೂರ. ಅವನೂ ನಮ್ಮ ಮನೆಯವರೂ ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಬೇರಿಂಗ್ ಕೂರಿಸುವ ಕೆಲಸದಲ್ಲಿದ್ದವರು. ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗಿನ ರೋಗ ಹೇಳುವುದು ಅವರ ಪದ್ಧತಿ. ಕಂಪ್ಯೂಟರಿನ ಡಬ್ಬಿಯ ತಗಡು ಬಿಚ್ಚಿ ತಮಗೂ ಹಾಗೆಯೇ ಮಾಡಿದ ಯಮನೂರ, "ಬೇರಿಂಗ್ ಒಣಗೈತ್ರಿ ವೈನಿ. ಒಂದ್ ತೂತು ಹಾಕಿ ಗ್ರೀಸ್ ಹೊಡದ್ರ ಕುದರಿ ಓಡಿದಂಗ ಓಡತೈತಿ" ಎಂದು ಗ್ರೀಸ್ ಗನ್ ತರಲು ಎದ್ದ. ಅಷ್ಟರಲ್ಲಿ ಮನೆ ಮಾಲೀಕರಾದ ಅಶ್ವತ್ಥಮ್ಮನವರು ಬಂದು, "ಗ್ರೀಸು ಗೀಸು ಏನೂ ಬ್ಯಾಡ. ದೃಷ್ಟಿ ಆಗೈತೆ ಕಣಮ್ಮ, ಇಂಗೇ ಬಿಟ್ರೆ ಓಯ್ತದೆ" ಎಂದು ತಮಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು. ತಾವು ಕಟಕಟ ಎಂದಿರಿ.

ರಿಪೇರಿ ಅಂಗಡಿಯ ನಂದೀಶ್ ಅವರ ಎದುರು ತಾವು ತೋರಿದ ನಡತೆಯನ್ನು ವಿಶೇಷವಾಗಿ ಹೊಗಳಬೇಕು. ಆಸ್ಪತ್ರೆಯ ಬಾಗಿಲು ಕಂಡ ಕೂಡಲೇ ಜ್ವರ ಬಿಟ್ಟುಹೋಗುವ ಮಕ್ಕಳಂತೆ, ಅವರ ಮೇಜಿನ ಮೇಲೆ ತಾವು ಒಂದು ಸದ್ದೂ ಮಾಡಲಿಲ್ಲ. ಅವರು ಪರೀಕ್ಷೆಯ ಪ್ರೋಗ್ರಾಂ ಹಾಕಿದರೆ ತಮ್ಮ ಆರೋಗ್ಯ ಉತ್ತಮವೆಂದು ಹಸಿರು ಬಣ್ಣದಲ್ಲಿ ಬಂತು. "ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ, ನೀವೇ ಸುಮ್ನೆ ಗಾಬರಿ ಬಿದ್ದಿದ್ದೀರ" ಎಂದರು. ಡಬ್ಬಿ ಸಮೇತ ತಮ್ಮನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದು ಪ್ಲಗ್ ಹಾಕಿದೆ. ಕಟಕಟ.

ಮತ್ತೆ ಹೊತ್ತುಕೊಂಡು ಹೋದಾಗ ಯಮನೂರನೂ ಜೊತೆಗೆ ಬಂದ. ಈ ಸಲ ಹಸಿರು ಹಳದಿಯಾಗಿತ್ತು. "ಒಳಗೆ ಕೆಲವು ಜಾಗ ಓದೋಕೇ ಆಗ್ತಿಲ್ಲ ಮೇಡಂ, ಯಾವಾಗ ನಿಲ್ಲುತ್ತೋ ಹೇಳೋಕಾಗಲ್ಲ. ಮೊದ್ಲು ಏನ್ ತೆಗೀಲಿ, ಮದುವೆ ಫೋಟೋನಾ?" ಎಂದು ನಂದೀಶ್ ಕೇಳಿದರು.

ನಾನು ಗೊರಕೆ ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ತಮಗೆ ವಿಷಯ ಗೊತ್ತು. ಇದು ಬಹಿರಂಗ ಪತ್ರವಾದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಮನೆಯವರು, ಬಸಲಿಂಗ ಎಂದು ಹೆಸರು, ತನಗೆ ಗೊರಕೆಯೇ ಇಲ್ಲವೆಂದು ಮದುವೆಯಾದಾಗಿನಿಂದ ವಾದಿಸುತ್ತಿದ್ದರು. ಒಂದು ಭಾನುವಾರ ಊಟ ಮಾಡಿ ಮಲಗಿದ್ದಾಗ ಆ ಗೊರಕೆಯನ್ನು ಫೋನಿನಲ್ಲಿ ಹಿಡಿದು, ಸಾಕ್ಷಿ ಕಳೆಯಬಾರದೆಂದು ತಮ್ಮಲ್ಲಿ ಇಟ್ಟೆ. ಅವರಿಗೆ ಕೇಳಿಸಿದರೆ, ಕಣ್ಣು ಮುಚ್ಚಿ ಗಮನವಿಟ್ಟು ಕೇಳಿ, "ಇದ್ಯಾವ ಮಷೀನ? ಜಲ್ದಿ ಬಂದ್ ಮಾಡಸು, ಶಾಫ್ಟ್ ಮುರಿತೈತಿ" ಎಂದರು. ಕೊನೆಯಲ್ಲಿ ಎಚ್ಚರಾಗಿ "ಚಾ ಆತೇನ?" ಎಂದು ಕೇಳುವ ದನಿ ಮಾತ್ರ ತನ್ನದೆಂದು ಒಪ್ಪಿಕೊಂಡರು. ಆ ಫೋನು ಆಮೇಲೆ ನೀರಿನ ಡ್ರಮ್ಮಿಗೆ ಬಿತ್ತು. ಅವರು ಹೋಗಿ ವರ್ಷವಾಗುತ್ತ ಬಂತು. ಫೋನ್ ಎತ್ತಿ ಹಿಡಿದರೆ ಬಾಯಿ ಮುಚ್ಚುವ ಮನುಷ್ಯರಾದ್ದರಿಂದ, ಅವರ ದನಿ ಇರುವುದು ಅದೊಂದರಲ್ಲೇ.

ನಂದೀಶ್ ಕಾಪಿಗೆ ಹಾಕಿದರು. ಪರದೆಯ ಮೇಲಿನ ಪಟ್ಟಿ ಆಮೆಯಂತೆ ಸರಿಯಿತು, ತುದಿ ಮುಟ್ಟುವ ಮೊದಲೇ ತಾವು ಕಿರ್ರೆಂದು ನಿಂತಿರಿ. ಬಂದಷ್ಟನ್ನು ಸ್ಪೀಕರಿನಲ್ಲಿ ಹಾಕಿದಾಗ ಅಂಗಡಿಯ ಗಾಜು ಗಡಗಡ ಎನ್ನುವಂತೆ ಗೊರಕೆ ಹೊರಟಿತು. ಯಮನೂರ ದಡಕ್ಕನೆ ಎದ್ದು ನಿಂತು, "ನಮ್ಮ ಬಸಲಿಂಗಣ್ಣಂದ ಇದು. ಕ್ಯಾಂಟೀನ್ ಹಿಂದ ಉಂಡು ಮಕ್ಕೊಂಡಾಗ ಹಿಂಗ ಹೊಡೀತಿದ್ದ" ಎಂದ. ಹೀಗೆ ನಾಲ್ಕು ಜನರ ಎದುರು ನಾನು ಗೆದ್ದೆ. ಗೆದ್ದೆನೆಂದು ಹೇಳಿ ಹಂಗಿಸಬೇಕಾಗಿದ್ದ ಮನುಷ್ಯರು ಅಲ್ಲಿರಲಿಲ್ಲ.

ಗೊರಕೆ ಅಷ್ಟೂ ಬಂತು, "ಚಾ ಆತೇನ" ಬರಲಿಲ್ಲ. ಅವರು ತನ್ನದಲ್ಲವೆಂದದ್ದನ್ನು ನನಗೆ ಕೊಟ್ಟು, ತನ್ನದೆಂದದ್ದನ್ನು ತಾವು ಇಟ್ಟುಕೊಂಡಿದ್ದೀರಿ. ಇಂಥ ನ್ಯಾಯವಂತರು ನ್ಯಾಯಾಧೀಶರಾಗದೆ ನಮ್ಮ ಮನೆಯ ತಗಡಿನ ಡಬ್ಬಿಯಲ್ಲಿ ಆಯುಷ್ಯ ಕಳೆದದ್ದು ನಾಡಿನ ದುರದೃಷ್ಟ.

ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ, ಅಶ್ವತ್ಥಮ್ಮನವರ ಮೊಮ್ಮಗನ ನಾಮಕರಣದ ಫೋಟೊಗಳನ್ನು ತಾವೇ ಇಟ್ಟುಕೊಳ್ಳಿ, ಮಗು ಎಲ್ಲದರಲ್ಲೂ ಅಳುತ್ತಿದೆ. ನನ್ನ ಮದುವೆಯ ಫೋಟೊಗಳನ್ನೂ ಇಟ್ಟುಕೊಳ್ಳಿ. ಬದಲಿಗೆ ಒಂದೇ ಒಂದು ಸಲ ತಿರುಗಿ, ಆ ಎರಡು ಮಾತನ್ನು ಬಿಟ್ಟುಕೊಡಿ. ಅದಕ್ಕೆ ಯಮನೂರನ ಗ್ರೀಸು ಬೇಕಿದ್ದರೆ ಅದನ್ನೂ ಹಾಕಿಸುತ್ತೇನೆ, ಮೆಣಸಿನಕಾಯಿ ಬೇಕಿದ್ದರೆ ಬ್ಯಾಡಗಿಯದೇ ತರಿಸುತ್ತೇನೆ. ತಾವು ಕಟಕಟ ಎಂದಾದರೂ ಮೊದಲೇ ತಿಳಿಸಿದಿರಿ, ನಮ್ಮ ಮನೆಯವರು ಅಷ್ಟನ್ನೂ ಮಾಡಲಿಲ್ಲ. ಆ ಮಟ್ಟಿಗೆ ತಾವೇ ವಾಸಿ.

ಚಹಾಕ್ಕೆ ನೀರಿಟ್ಟುಕೊಂಡು ಕಾದಿರುವ,
ತಮ್ಮಲ್ಲಿ ಇನ್ನೂ ವಿಶ್ವಾಸವುಳ್ಳ,
ಮಹಾನಂದಾ

ತಾ.ಕ.: ತಮ್ಮ ಜಾಗಕ್ಕೆ ನಂದೀಶ್ ಹೊಸಬರೊಬ್ಬರನ್ನು ಕೂರಿಸಿದ್ದಾರೆ. ಅವರ ಒಳಗೆ ತಿರುಗುವ ಭಾಗವೇ ಇಲ್ಲವಂತೆ, ಸದ್ದು ಎಂಬುದೇ ಇಲ್ಲವಂತೆ, ಇನ್ನು ನೆಮ್ಮದಿಯಾಗಿರಬೇಕಂತೆ. ನಮ್ಮ ಮನೆಯವರು ಮಲಗಿದಲ್ಲೇ ತೀರಿಕೊಂಡ ಮಧ್ಯಾಹ್ನವೂ ಸದ್ದು ಎಂಬುದೇ ಇರಲಿಲ್ಲ. ಆದ್ದರಿಂದ ಹೊಸಬರ ಮೈಮೇಲೆ ಆಗಾಗ ಕೈಯಿಟ್ಟು, ಬೆಚ್ಚಗಿದ್ದಾರೆಯೇ ಎಂದು ನೋಡುತ್ತಿರುತ್ತೇನೆ. ತಮಗೆ ಹೊಟ್ಟೆಕಿಚ್ಚಾಗಲಿ ಎಂದೇ ಇದನ್ನು ತಿಳಿಸಿದ್ದೇನೆ.