ಹಳೇ ಕಲ್ಲು ಕಾಯಲು ಹೊರಟವರ ಮಾನ

ಹಳೆಯ ಕಲ್ಲು, ಹಳೆಯ ಕಾಗದ, ಹಳೆಯ ತಗಡು ಉಳಿಸುತ್ತೇವೆ ಎಂದು ಊರೂರು ತಿರುಗುವವರಿಗೆ ತಿಂಗಳಿಗೊಂದಾದರೂ ಮಾನ ಹೋಗುವ ಪ್ರಸಂಗ ತಪ್ಪುವುದಿಲ್ಲ. ನಮ್ಮ ಸಮಿತಿಯ ಉಳಿದವರು ಅವನ್ನೆಲ್ಲ ಮರೆತುಬಿಟ್ಟರು. ನನಗೆ ಮರೆಯಲಾಗಿಲ್ಲ, ಏಕೆಂದರೆ ಹೆಚ್ಚಿನವು ನನ್ನಿಂದಲೇ ಆದವು. ನಗುವವರು ನಗಲಿ ಎಂದು ಬರೆಯುತ್ತಿದ್ದೇನೆ.

ಸೇವೆಯ ಕಾಲಂ

ಮಹಾರಾಜರ ಸರ್ಕಾರದಲ್ಲಿ ಹಳ್ಳಿಗಳ ಕಂದಾಯ ನೋಡುವ ಶೇಕ್‌ದಾರರಾಗಿದ್ದು ಪಿಂಚಣಿಗೆ ಬಂದ ಒಬ್ಬರು ಮಧುಗಿರಿಯಲ್ಲಿ ಈ ಸಮಿತಿ ಕಟ್ಟಿದರು. ಅವರೇ ಅಧ್ಯಕ್ಷರು. ಸ್ಕೂಲಿನ ಮೇಷ್ಟ್ರೊಬ್ಬರು ಕಾರ್ಯದರ್ಶಿ. ಕಲ್ಲಿನ ಮೇಲಿನ ಹಳೇ ಕನ್ನಡ ಓದಬಲ್ಲವರು ಅವರೊಬ್ಬರೇ. ಯಾರಿಗೂ ಸಂಬಳವಿಲ್ಲ. ಭಾನುವಾರ ಭಾನುವಾರ ಒಂದೊಂದು ಹಳ್ಳಿಗೆ ಹೋಗಿ, ಶಾಸನ, ವೀರಗಲ್ಲು ಹುಡುಕಿ, ಒದ್ದೆ ಕಾಗದ ಅಂಟಿಸಿ, ಮಸಿ ಒತ್ತಿ ಅಚ್ಚು ತೆಗೆಯುವುದು. ಪಟ್ಟಿ ಮಾಡಿ ಮೈಸೂರಿಗೆ ವರದಿ ಕಳಿಸುವುದು. ಒಡೆದು ಗೋಡೆಗೆ ಹಾಕಬೇಡಿರಪ್ಪಾ ಎಂದು ಊರವರಿಗೆ ಹೇಳಿ ಬರುವುದು. ಇಷ್ಟೇ ಕೆಲಸ.

ನಾನು ಹುಣಸೆಹಣ್ಣಿನ ವ್ಯಾಪಾರದವಳು. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಕುಕ್ಕೆ ಹೊತ್ತು ಸಂತೆ ಸಂತೆ ತಿರುಗಿ, ಹತ್ತು ವರ್ಷಕ್ಕೆ ಸ್ವಂತ ಮಂಡಿ ಹಾಕಿ, ಗಾಡಿ ಕೊಂಡೆ. ಅಕ್ಷರ ಕಲಿತದ್ದು ಪೊಟ್ಟಣ ಕಟ್ಟುವ ಹಳೇ ಪತ್ರಿಕೆಗಳಲ್ಲಿ. ಹಾಗಾಗಿ ಲೋಕದ ಎಷ್ಟೋ ಸುದ್ದಿಗಳ ನಡುಭಾಗ ಮಾತ್ರ ನನಗೆ ಗೊತ್ತು. ಮೊದಲೂ ಕೊನೆಯೂ ಹುಣಸೆಹಣ್ಣಿನ ಜೊತೆ ಯಾರದೋ ಮನೆ ಸೇರಿರುತ್ತಿತ್ತು. ಆದರೂ ಯಾರ ಕೈಲೂ ಹೇಳಿಸಿಕೊಳ್ಳದೆ ಕಲಿತೆ ಎಂಬ ಜಂಬ ನನಗೆ ಬಹಳ.

ಸಮಿತಿ ಸೇರಲು ಹೋದ ದಿನ ಅಧ್ಯಕ್ಷರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನೂ ಮುಂದೆ ತಳ್ಳಿದರು. ನಾನು ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಲೇಖಣಿ ತೆಗೆದುಕೊಂಡೆ. ಸಿಟ್ಟಿನಲ್ಲಿ ಒತ್ತಿದ್ದಕ್ಕೆ ನಿಬ್ಬು ಮುರಿಯಿತು. ನನ್ನ ರುಜು ಮೂರು ಜನರ ಜಾಗ ತಿಂದಿತು. ಮೇಷ್ಟ್ರು ಅದನ್ನು ನೋಡಿ, ಪರವಾಗಿಲ್ಲ, ಆಗಲೇ ಶಾಸನದ ಹಾಗಿದೆ ಎಂದರು.

ಆಮೇಲೆ ಪಕ್ಕದ ಕಾಲಂ ಓದಿದೆ. ಯಾರಿಂದ ಏನು ಸೇವೆ ಎಂಬಲ್ಲಿ ಅಧ್ಯಕ್ಷರಿಗೆ 'ಮಾರ್ಗದರ್ಶನ', ಮೇಷ್ಟ್ರಿಗೆ 'ಶಾಸನ ಓದುವುದು', ನನಗೆ 'ಗಾಡಿ ಒಂದು, ಎತ್ತು ಎರಡು'. ಆ ಜಾಗದಲ್ಲಿ 'ಓದುವುದು' ಎಂದು ಬರೆಸಿಯೇ ತೀರುತ್ತೇನೆ ಎಂದು ಅವತ್ತೇ ಹಟ ಹಿಡಿದೆ. ದಾರಿಯಲ್ಲಿ ನಮ್ಮ ಗಾಡಿ ಹೊಡೆಯುವಾತನ ಹತ್ತಿರ ಗೊಣಗಿಕೊಂಡೆ. ಅವನು ಎತ್ತಿನ ಬೆನ್ನು ತಟ್ಟಿ, "ಇವನ್ನಾದ್ರೂ ಬರ್ಕಂಡವ್ರೆ ಬುಡಿ ಅಮ್ಮಾವ್ರೆ, ನಾನು ಅದ್ರಾಗೂ ಇಲ್ಲ" ಎಂದ.

ತಾಮ್ರದ ತಗಡು

ಕೊರಟಗೆರೆಯಲ್ಲಿ ತಲೆತಲಾಂತರದಿಂದ ನೆಲೆಸಿದ ಒಂದು ಶಿವಭಕ್ತರ ಮನೆ. ಅವರ ದೇವರ ಗೂಡಿನಲ್ಲಿ ಒಂದು ಬಳೆಗೆ ಪೋಣಿಸಿದ ಮೂರು ತಾಮ್ರದ ತಗಡುಗಳಿದ್ದವು, ಮೈತುಂಬ ಅಕ್ಷರ. ಯಾರಿಗೂ ಮುಟ್ಟಗೊಡದ ಯಜಮಾನರು, ಹೆಂಗಸಾದರೆ ಜೋಪಾನ ಮಾಡುತ್ತಾಳೆಂದು ಎರಡು ದಿನದ ಮಟ್ಟಿಗೆ ನನ್ನ ಕೈಗೆ ಕೊಟ್ಟು ಕಳಿಸಿದರು. ಮೇಷ್ಟ್ರು ನಕಲು ಮಾಡಿಕೊಳ್ಳಬೇಕಿತ್ತು.

ತಗಡು ಕಪ್ಪಾಗಿತ್ತು. ನಮ್ಮ ಕಡೆ ತಾಮ್ರ ಕಪ್ಪಾಗಿದ್ದರೆ ಮನೆಯ ಹೆಂಗಸಿಗೆ ಕೆಟ್ಟ ಹೆಸರು. ಮಂಡಿ ತುಂಬ ಹುಣಸೆಹಣ್ಣು ಇಟ್ಟುಕೊಂಡು ನಾನು ಸುಮ್ಮನಿರುತ್ತೇನೆಯೇ? ಹಣ್ಣಿಗೆ ಬೂದಿ ಬೆರೆಸಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಅಂಚಿನಲ್ಲಿ ಕಿಲುಬು ಹೆಚ್ಚಾಗಿದ್ದ ಕಡೆ ಇನ್ನಷ್ಟು ತಿಕ್ಕಿದೆ. ಮೇಷ್ಟ್ರು ಬಂದು ತಗಡನ್ನು ಬಿಸಿಲಿಗೆ ಹಿಡಿದರು. ಅದರಲ್ಲಿ ಅವರ ಮೀಸೆ ಚೆನ್ನಾಗಿ ಕಂಡಿತಂತೆ. ಕೊನೆಯ ಸಾಲು ಮಾತ್ರ ಎಲ್ಲಿ ಹುಡುಕಿದರೂ ಕಾಣಲಿಲ್ಲ.

ಅವರು ಉಳಿದ ಸಾಲುಗಳನ್ನು ನಕಲು ಮಾಡಿಕೊಂಡರು. ವರದಿಯಲ್ಲಿ, ಕೊನೆಯ ಸಾಲು ಕಾಲದ ಹೊಡೆತಕ್ಕೆ ಸವೆದಿದೆ ಎಂದು ಬರೆದರು. ಓದಿ ನನಗೆ ತಲೆಯೆತ್ತಲಾಗಲಿಲ್ಲ. ಆ ಕಾಲ ನಾನೇ.

ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಬೇಕೆಂದು ಕೊರಟಗೆರೆಗೆ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರ ಹೆಂಡತಿ ಹೊಳೆಯುವ ತಗಡು ಕಂಡು ಒಳಗೆ ಹೋದರು. ಎರಡು ತಾಮ್ರದ ಹಂಡೆ ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, "ಇವನ್ನೂ ಒಯ್ದು ನಿಮ್ಮ ಸಮಿತಿಯಲ್ಲಿ ಓದಿಸ್ಕೊಂಡು ಬನ್ನಿ ತಾಯಿ" ಎಂದರು.

ಎಲ್ಲಕ್ಕಿಂತ ಹಳೆಯದು

ನನ್ನದೇ ಹೇಳುತ್ತಾ ಹೋದರೆ ಅನ್ಯಾಯ. ಅಧ್ಯಕ್ಷರದೂ ಒಂದಿದೆ.

ಐ.ಡಿ.ಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ಕೂತಿದ್ದ ವಯಸ್ಸಾದ ರೈತನೊಬ್ಬನನ್ನು ಅವರು ಗತ್ತಿನಿಂದ, ನಿಮ್ಮೂರಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದಯ್ಯಾ ಎಂದು ಕೇಳಿದರು. ಆತ ಬಹಳ ಹೊತ್ತು ಯೋಚಿಸಿದ. ನಾವು ಮಸಿ, ಕಾಗದ ಸಿದ್ಧ ಮಾಡಿಕೊಂಡೆವು.

"ಕೆರೆ ತೂಬು ರಿಪೇರಿ ಮಾಡ್ಸಿ ಅಂತ ಒಂದು ಅರ್ಜಿ ಕೊಟ್ಟಿದ್ವಿ ಸ್ವಾಮಿ" ಎಂದ. "ಆಗ ತಾವೇ ಶೇಕ್‌ದಾರ್ರು."

ಸುಣ್ಣದ ನಂಬರು

ನಾನು ಮೂಟೆಗಳ ಮೇಲೆ ಸುಣ್ಣದಲ್ಲಿ ನಂಬರು ಬರೆಯುತ್ತೇನೆ. ಹಾಗೆ ಮಾಡಿದರೆ ಯಾವ ಮೂಟೆಯೂ ತಪ್ಪಿಹೋಗುವುದಿಲ್ಲ. ಕಲ್ಲುಗಳಿಗೂ ಹಾಗೆಯೇ ಬರೆದರೆ ಯಾರೂ ಕದಲಿಸುವುದಿಲ್ಲ ಎಂದು ನಾನು ಸಭೆಯಲ್ಲಿ ಪಟ್ಟು ಹಿಡಿದೆ. ಮೇಷ್ಟ್ರು ಬೇಡವೆಂದರು. ನಾನು ಕೇಳಲಿಲ್ಲ. ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ಎಂಟು ಕಲ್ಲಿಗೆ ಒಂದರಿಂದ ಎಂಟರವರೆಗೆ ನಾನೇ ಬರೆದೆ.

ನಂಬರು ಹಾಕಿದ್ದನ್ನೆಲ್ಲ ಸರ್ಕಾರ ಹೊತ್ತುಕೊಂಡು ಹೋಗುತ್ತದೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ತಿಂಗಳು ಬಿಟ್ಟು ಹೋದರೆ ಎಂಟು ಕಲ್ಲಲ್ಲಿ ಏಳು ಮಾಯ. ಬೇಕಾದವರು ಬೇಕಾದ ಕಡೆ ಹೂತಿಟ್ಟಿದ್ದರು. ನಂಬರುಗಳು ಮಾತ್ರ ಹೆಚ್ಚಾಗಿದ್ದವು. ಯಾರಿಗೆ ಯಾವುದು ಬೇಡವಾಗಿತ್ತೋ ಅದರ ಮೇಲೆಲ್ಲ ಬರೆದುಕೊಂಡಿದ್ದರು. ಒಂಬತ್ತನೇ ನಂಬರು ಹಾಯುವ ಎಮ್ಮೆಯೊಂದರ ಮೇಲೆ. ಹತ್ತನೆಯದು ದಾರಿಗೆ ಅಡ್ಡವಾಗಿದ್ದ ಪಕ್ಕದ ಮನೆಯವರ ಗೋಡೆಯ ಮೇಲೆ. ಹನ್ನೊಂದನೆಯದು ಒಂದು ಜಗುಲಿಯ ಕಂಬದ ಮೇಲೆ. ಆ ಕಂಬಕ್ಕೆ ಒರಗಿ ಒಬ್ಬ ಅತ್ತೆ ಕೂತಿದ್ದಳು. ಸೊಸೆ ಬಾಗಿಲ ಸಂದಿಯಿಂದ ನಮ್ಮನ್ನೇ ನೋಡುತ್ತಿದ್ದಳು.

ನಾನು ಒದ್ದೆ ಬಟ್ಟೆ ತಂದು ನಾಚಿಕೆಯಿಂದ ಆ ನಂಬರು ಒರೆಸಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು. "ಅಳಿಸ್ಬೇಡ ಕಣಮ್ಮ. ಒಯ್ದಲ್ಲಿ ಹೊತ್ಹೊತ್ತಿಗೆ ಉಂಬಾಕೆ ಇಕ್ತೀರೇನು, ಅದನ್ನ ಹೇಳು. ಇಕ್ತೀರಿ ಅಂದ್ರೆ ಈಗ್ಲೇ ಗಾಡಿ ಹತ್ತೀನಿ."

ಹಟ್ಟಿಯ ಕಲ್ಲು

ಇದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಸಮಿತಿಯ ಕೆಲಸ ನೋಡಲು ಮೈಸೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂದು ಕಾಗದ ಬಂತು. ಅಧ್ಯಕ್ಷರು ಕಚೇರಿಯ ಮುಂದೆ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸೋಣ ಎಂದರು. ಒಳ್ಳೆಯ ಕಲ್ಲನ್ನು ಯಾರು ಕಂಡು, ಓದಿ, ತರುತ್ತಾರೋ ಅವರ ಹೆಸರನ್ನು ವರದಿಯಲ್ಲಿ ಬರೆಯೋಣ ಎಂದರು. ನನಗೆ ಅಷ್ಟು ಸಾಕಾಯಿತು. ಮೇಷ್ಟ್ರಿಗೆ ಪರೀಕ್ಷೆಯ ಕೆಲಸವಿದ್ದ ವಾರ ನೋಡಿ, ಗಾಡಿ ಕಟ್ಟಿಸಿಕೊಂಡು ಪಾವಗಡದ ದಾರಿ ಹಿಡಿದೆ. ಪಾವಗಡ ಆಗ ನಮ್ಮ ಜಿಲ್ಲೆಯೇ ಅಲ್ಲ. ಅದೂ ನನಗೆ ಲೆಕ್ಕಕ್ಕೆ ಬರಲಿಲ್ಲ.

ನಾಗಲಮಡಿಕೆಗೆ ಹೋಗುವ ದಾರಿಯಲ್ಲಿ ಒಂದು ಗೊಲ್ಲರ ಹಟ್ಟಿ. ಕುರಿದೊಡ್ಡಿಯ ಬೇಲಿಗೆ ಬೆನ್ನು ಕೊಟ್ಟು ಒಂದು ಎದೆಯುದ್ದದ ಕಲ್ಲು ನಿಂತಿತ್ತು. ಕೈಯಲ್ಲಿ ದೊಣ್ಣೆ ಹಿಡಿದ ಗಂಡಸು, ಕಾಲ ಬಳಿ ನಾಯಿ, ಸುತ್ತ ಕುರಿಗಳು. ಅಂಥ ಚೆಂದದ ಕಲ್ಲನ್ನು ನಾಲ್ಕು ತಾಲ್ಲೂಕಿನಲ್ಲಿ ನಾನು ಕಂಡಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವಳು ಹಟ್ಟಿಯ ಹಿರಿಯ ಮುದುಕಿ. ಕುರಿ ಈದಾಗ ಮೊದಲ ಹಾಲನ್ನು ಆ ಕಲ್ಲಿನ ಬುಡಕ್ಕೆ ಹುಯ್ದ ಮೇಲೆಯೇ ಮರಿಗೆ ಬಿಡುವುದು ಅವರ ಪದ್ಧತಿ. ಕಲ್ಲು ಕೊಡಿ ಎಂದಾಗ ಆಕೆ, ಈಗ ಮರಿ ಹಾಕೋ ಕಾಲ, ಈ ಕಲ್ಲಿನ ತಾತ ಇಲ್ದಿದ್ರೆ ದೊಡ್ಡಿ ಕಾಯೋರು ಯಾರು ಎಂದು ಕೇಳಿದಳು.

ನಾನು ಕಲ್ಲಿನ ಮುಂದೆ ಕೂತೆ. ಉಳಿಯ ಗೀರುಗಳ ಮೇಲೆ ಬೆರಳಾಡಿಸಿದೆ. ಕಲ್ಲಿನ ಅಕ್ಷರ ನನಗೆ ಒಂದೂ ಬರುವುದಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ. ಇದು ಮಧುಗಿರಿ ದುರ್ಗದ ಅರಸರ ಕಡೆಯ ಬಂಟನ ಕಲ್ಲು. ಮುಂದೆ ಎಂದಾದರೂ ಮಧುಗಿರಿಯವರು ಬಂದು ಕೇಳಿದರೆ ಮರುಮಾತಾಡದೆ ಕೊಡತಕ್ಕದ್ದು ಎಂದು ಓದಿದೆ. ಇಡೀ ಹಟ್ಟಿ ಕೈಮುಗಿದು ನಿಂತು ಕೇಳಿತು.

ಮುದುಕಿ ನಮ್ಮ ಗಾಡಿಯ ಕಡೆ ನೋಡಿ, "ಗಾಡಿ ತಂದು ಕೇಳ್ತಾರೆ ಅಂತಾನೂ ಬರ್ದೈತಾ ಅವ್ವಾ?" ಎಂದಳು.

ಬರೆದಿದೆ ಎಂದೆ.

ಅವರು ಕಲ್ಲಿಗೆ ನೀರು ಹುಯ್ದು, ಅರಿಸಿನ ಹಚ್ಚಿ, ಕಂಬಳಿಯ ಮೇಲೆ ಅಂಗಾತ ಮಲಗಿಸಿ, ತಾವೇ ಎತ್ತಿ ಗಾಡಿಗಿಟ್ಟರು. ಮುದುಕಿ ಹಟ್ಟಿಯ ಗಡಿಯವರೆಗೂ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ನಡೆದು ಬಂದಳು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ವರದಿಯಲ್ಲಿ ನನ್ನ ಹೆಸರು ಎಷ್ಟು ದಪ್ಪಕ್ಷರದಲ್ಲಿ ಬರಬಹುದೆಂದು ಯೋಚಿಸುತ್ತಿದ್ದೆ.

ಮಧುಗಿರಿಯಲ್ಲಿ ಇಳಿಸುವಾಗ ಕಲ್ಲು ಮಗುಚಿತು. ಬೆನ್ನ ತುಂಬ ಅಕ್ಷರ. ಮುಂದೆ ಎಲ್ಲೂ ಒಂದು ಅಕ್ಷರವೂ ಇಲ್ಲ ಎಂಬುದು ಆಗ ಎಲ್ಲರಿಗೂ ಕಂಡಿತು. ಮೇಷ್ಟ್ರು ಎರಡು ದಿನ ಕೂತು ಓದಿದರು. ಆ ಹಟ್ಟಿಯವನೇ ಒಬ್ಬ, ದೊಡ್ಡಿಗೆ ನುಗ್ಗಿದ ಚಿರತೆಯ ಜೊತೆ ಹೋರಾಡಿ ಕುರಿಗಳನ್ನು ಉಳಿಸಿ ಸತ್ತನಂತೆ. ಅವನ ತಾಯಿ ನಿಲ್ಲಿಸಿದ ಕಲ್ಲಂತೆ. ಇದು ದೊಡ್ಡಿಯ ಬಳಿಯೇ ಇರಬೇಕು, ಇಲ್ಲಿಂದ ಕಿತ್ತುಕೊಂಡು ಹೋದವರು ಕತ್ತೆಯಾಗಿ ಹುಟ್ಟುತ್ತಾರೆ ಎಂಬುದು ಕೊನೆಯ ಸಾಲು.

 ನಮ್ಮ ಗಾಡಿಯಾತ ಮುಂದೆ ಬಂದು, ಶಾಪ ಎತ್ತುಗಳಿಗೂ ತಟ್ಟುತ್ತದೆಯೋ, ಇಲ್ಲ ಗಾಡಿಯ ಒಡತಿಗೆ ಮಾತ್ರವೋ, ಸ್ವಲ್ಪ ನೋಡಿ ಹೇಳಿ ಎಂದು ಮೇಷ್ಟ್ರನ್ನು ಕೇಳಿದ.

ಅಧ್ಯಕ್ಷರು ಇನ್ನೊಂದು ದಾರಿ ತೋರಿಸಿದರು. ಅಧಿಕಾರಿ ಬಂದು ಹೋಗುವವರೆಗೆ ಬೆನ್ನನ್ನು ಗೋಡೆಗೆ ಹಾಕಿ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ, ನಿಮ್ಮ ಹೆಸರೂ ಬರುತ್ತದೆ ಎಂದರು. ಅವರು ನನ್ನನ್ನು ಕಾಪಾಡಲೆಂದೇ ಹೇಳಿದ್ದು. ಒಂದು ಗಳಿಗೆ ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಊಟಕ್ಕೆ ಕೂತರೆ ಆ ಮುದುಕಿಯ ಕೈ ಕಲ್ಲಿನ ಮೇಲಿದ್ದದ್ದೇ ಕಣ್ಣ ಮುಂದೆ ಬರುತ್ತಿತ್ತು. ಕಲ್ಲು ವಾಪಸು ಹೋಗುತ್ತದೆ, ವರದಿಯಲ್ಲಿ ನನ್ನ ಹೆಸರೂ ಬೇಡ ಎಂದೆ. ಮೇಷ್ಟ್ರ ಕೈಲಿ ಆ ಬರಹವನ್ನು ಈಗಿನ ಕನ್ನಡದಲ್ಲಿ ಬರೆಸಿಕೊಂಡು ಮಾರನೆಯ ದಿನವೇ ಗಾಡಿ ಕಟ್ಟಿಸಿದೆ.

ಎರಡು ದಿನದ ದಾರಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಕಲ್ಲು ಮಧುಗಿರಿಗೆ ಒಗ್ಗಲಿಲ್ಲ ಎನ್ನಲೇ, ಸರ್ಕಾರವೇ ಬೇಡವೆಂದಿತು ಎನ್ನಲೇ? ಮಾನ ಉಳಿಯುವ ಮಾತು ಹತ್ತು ಹೊಳೆದವು.

ಹಟ್ಟಿ ತಲುಪಿ ನೋಡಿದರೆ, ಕಲ್ಲು ಕಿತ್ತ ಗುಂಡಿಯ ಸುತ್ತ ಇರುವೆ ಸಾಲುಗಟ್ಟಿತ್ತು. ಅಷ್ಟು ದಿನವೂ ಅವರು ಆ ಬರಿಯ ಗುಂಡಿಗೇ ಹಾಲು ಹುಯ್ದಿದ್ದರು. ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಅಲ್ಲಿಯೇ ಉದುರಿಹೋಯಿತು.

ಕಲ್ಲು ನಿಲ್ಲಿಸಿದ ಮೇಲೆ ಎಲ್ಲರನ್ನೂ ಕೂಡಿಸಿದೆ. ನನಗೆ ಕಲ್ಲಿನ ಅಕ್ಷರ ಬರುವುದಿಲ್ಲ, ಅವತ್ತು ಓದಿದ್ದೆಲ್ಲ ನನ್ನ ಸ್ವಂತದ್ದು, ಈ ಕಲ್ಲು ನಿಮ್ಮ ತಾತನದೇ, ಇದನ್ನು ಯಾರು ಕೇಳಿದರೂ ಕೊಡಬೇಡಿ, ನಾನು ಕೇಳಿದರೂ ಕೊಡಬೇಡಿ ಎಂದೆ. ಮೇಷ್ಟ್ರ ಕಾಗದ ತೆಗೆದು ಚಿರತೆಯ ಸಂಗತಿ ಓದಿ ಹೇಳಿದೆ. ಕತ್ತೆಯ ಸಾಲನ್ನೂ ಬಿಡಲಿಲ್ಲ. ಅಕ್ಷರ ಇರುವುದು ಕಲ್ಲಿನ ಬೆನ್ನಿಗೆ, ಮುಂದೆ ಏನೂ ಇಲ್ಲ, ನಾನು ಏನೂ ಇಲ್ಲದ ಕಡೆ ಓದಿದೆ ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಮುದುಕಿ ಬೈಯಲಿಲ್ಲ. ಪಾವಗಡದ ಕಡೆಯವರು ತೆಲುಗು ಬೆರೆಸಿ ಓದಿಗೆ ಚದುವು ಎನ್ನುತ್ತಾರೆ. ಆಕೆ ನನ್ನ ಪಕ್ಕ ಕೂತು, ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳಿದಳು:

"ಅಕ್ಷರ ಹಿಂದ್ಗಡೆ ಐತೆ ಅಂತ ನಂಗೆ ಗೊತ್ತಿತ್ತು ಕಣವ್ವಾ. ನಾನು ಮದುವ್ಯಾಗಿ ಬಂದ ವರ್ಷ ಮಳೇಲಿ ಬಿದ್ದಿತ್ತು, ನಾವೇ ಎತ್ತಿ ನಿಲ್ಸಿದ್ದು. ನೀನು ಮುಂದ್ಗಡೆ ಕೂತು ಅಷ್ಟು ಚೆಂದಾಗಿ ಓದ್ತಿದ್ದೆ. ಚದುವು ಬಂದೋರಿಗೆ ಕಲ್ಲು ತೂರ್ಕಂಡು ಆ ಕಡೇದೂ ಕಾಣ್ತದೇನೋ ಅಂತ ಸುಮ್ಕಿದ್ದೆ."