ಎಡಗೆನ್ನೆಯ ವರದಿ

ಹೌದು ಅಥವಾ ಇಲ್ಲ ಎಂದು ನೇರವಾಗಿ ಉತ್ತರಿಸಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಮನೆಯಲ್ಲಿ ಹೆಂಡತಿ "ಸಾರಿಗೆ ಉಪ್ಪು ಕಡಿಮೆ ಆಯ್ತಾ?" ಎಂದು ಕೇಳಿದರೆ, ಕಡಿಮೆ ಎನ್ನುವಂತಿಲ್ಲ, ಹಾಗೆಂದು ಸಾಕಷ್ಟಿದೆ ಎಂದೂ ಅಲ್ಲ ಎಂದು ಶುರು ಮಾಡುವವನು ನಾನು. ನನ್ನ ಮಾತು ಮುಗಿಯುವಷ್ಟರಲ್ಲಿ ಅವಳು ಉಪ್ಪಿನ ಡಬ್ಬಿಯನ್ನು ತಂದು ಮುಂದೆ ಕುಕ್ಕಿ ಹೋಗಿರುತ್ತಾಳೆ. ಇಂಥವನಿಗೆ ಸಿಕ್ಕ ಕೆಲಸ ನೋಡಿ: ಬೇರೆಯವರ ನಡತೆಯನ್ನು ಹೌದು, ಇಲ್ಲ ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ತಳ್ಳಿ ಗುರುತು ಹಾಕುವುದು.

ನಾನು ಮುಂಬಯಿ ಪಕ್ಕದ ಠಾಣೆ ಪಟ್ಟಣದ ಒಂದು ಪ್ರೊಬೇಷನ್ ಕಚೇರಿಯಲ್ಲಿ ಸಹಾಯಕ. ಉಡುಪಿ ಕಡೆಯವನು, ಡೊಂಬಿವಲಿಯಲ್ಲಿದ್ದೇನೆ ಎಂದರೆ ಜನ ಮುಂದಿನ ಪ್ರಶ್ನೆ ಕೇಳುವುದು "ಯಾವ ಹೋಟೆಲು?" ಎಂದು. ಹೋಟೆಲಲ್ಲ, ತಪ್ಪು ಮಾಡಿದವರನ್ನು ನೋಡಿಕೊಳ್ಳುವ ಕೆಲಸ ಎಂದರೆ "ಓ, ಪೊಲೀಸಾ?" ಎನ್ನುತ್ತಾರೆ. ಅದೂ ಅಲ್ಲ. ಮೊದಲ ಸಲ ಏನೋ ಸಣ್ಣ ಅಪರಾಧ ಮಾಡಿದವರನ್ನು ಕೋರ್ಟು ಜೈಲಿಗೆ ಕಳಿಸುವ ಬದಲು ಒಂದು ಮುಚ್ಚಳಿಕೆ ಬರೆಸಿಕೊಂಡು, ಒಂದು ವರ್ಷ ಸರಿಯಾಗಿರು ಎಂದು ಬಿಡುವುದುಂಟು. ಅವರು ಸರಿಯಾಗಿದ್ದಾರೆಯೇ ಎಂದು ನೋಡುವುದು ಪ್ರೊಬೇಷನ್ ಅಧಿಕಾರಿಯಾದ ನಮ್ಮ ಮೇಡಂ ಕೆಲಸ. ಮೇಡಂ ನೋಡುವ ಮೊದಲು ಹೋಗಿ ನೋಡಿ ಬರುವುದು ನನ್ನ ಕೆಲಸ. ಕಲಬುರಗಿ, ವಿಜಯಪುರ ಕಡೆಯ ಕೂಲಿಯವರ ಕಡತಗಳೆಲ್ಲ, ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ, ನನ್ನ ಮೇಜಿಗೇ ಬರುತ್ತವೆ. ನನಗೆ ಬರುವ ಕನ್ನಡ ಬೇರೆ, ಅವರ ಕನ್ನಡ ಬೇರೆ ಎಂದು ಮೇಡಂಗೆ ಮರಾಠಿಯಲ್ಲಿ ವಿವರಿಸಲು ಹೋಗಿ ಎರಡು ಸಲ ಸೋತಿದ್ದೇನೆ.

ಹೀಗೆ ಬಂದವನೇ ಶರಣಪ್ಪ. ರಬಾಳೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಅಲ್ಲಿ ಕೂಲಿಗಳ ಮೇಸ್ತ್ರಿಯಾಗಿದ್ದ ಮುಕಾದಮ ಅವನ ತಾಯಿಯನ್ನು ಹಿಡಿದು ಏನೋ ಬೈದನಂತೆ, ಇವನು ಒಂದು ಕೊಟ್ಟನಂತೆ. ಮುಕಾದಮನ ಹಲ್ಲು ಹೋಯಿತು, ಇವನ ಕೆಲಸ ಹೋಯಿತು. ಈಗ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಬೇರೆ ಕಡೆ ಮೂಟೆ ಹೊರುತ್ತಾನೆ. ಕೋರ್ಟಿನ ಷರತ್ತು ಸ್ಪಷ್ಟವಾಗಿತ್ತು: ಒಂದು ವರ್ಷ ಯಾರ ಮೇಲೂ ಕೈ ಮಾಡಕೂಡದು, ಮಾಡಿದರೆ ಮತ್ತೆ ಕೋರ್ಟು, ಬಹುಶಃ ಜೈಲು. ಊರಲ್ಲಿ ಹೆಂಡತಿಗೆ ಏಳು ತಿಂಗಳಾಗಿತ್ತು. ಆದ್ದರಿಂದ ಆ ಷರತ್ತನ್ನು ಅವನು ದೇವರ ಮಾತಿನಂತೆ ಪಾಲಿಸುತ್ತಿದ್ದ, ಸೊಳ್ಳೆ ಕೂತರೂ ಊದಿ ಓಡಿಸುತ್ತಿದ್ದ.

ಅವನಿಗೆ ಸಿಟ್ಟು ತಡೆಯುವುದನ್ನು ಕಲಿಸಿದ ಗುರು ನಾನೇ. ಎರಡು ದಿನದ ತರಬೇತಿಯೊಂದಕ್ಕೆ ಹೋಗಿ, ಮೊದಲ ದಿನ ಮಧ್ಯಾಹ್ನದ ಊಟದ ನಂತರ ನಿದ್ದೆ ಮಾಡಿದ್ದನ್ನು ಬಿಟ್ಟರೆ, ನಾನು ಕಲಿತು ಬಂದದ್ದು ಒಂದೇ: ಕೈ ಎತ್ತುವ ಮೊದಲು ಹತ್ತು ಎಣಿಸಬೇಕು. ಅದನ್ನೇ ಪ್ರತಿ ತಿಂಗಳೂ ಹೇಳುತ್ತಿದ್ದೆ. ಜೊತೆಗೆ, ಏನೇ ಆದರೂ ವರದಿಯಲ್ಲಿ ಸುಳ್ಳು ಹೇಳಬಾರದು ಎಂಬ ಉಪದೇಶ. ಮೇಡಂ ತಯಾರಿಸಿದ ಪ್ರಶ್ನೆಪಟ್ಟಿಯಲ್ಲಿ ಏಳನೆಯದು, "ಈ ತಿಂಗಳು ಯಾರ ಮೇಲಾದರೂ ಕೈ ಮಾಡಿದ್ದುಂಟೆ?" ಶರಣಪ್ಪ ಬೆರಳು ಮಡಿಸಿ ಹಿಂದಿನ ಮೂವತ್ತು ದಿನವನ್ನೂ ನೆನಪು ಮಾಡಿಕೊಂಡು "ಇಲ್ರಿ ಸರ" ಎನ್ನುತ್ತಿದ್ದ. ನಾನು ಚೌಕದಲ್ಲಿ ಗುರುತು ಹಾಕುತ್ತಿದ್ದೆ. ಎಷ್ಟು ಸುಲಭದ ದಿನಗಳು!

ಆ ಸೋಮವಾರ ಬೆಳಿಗ್ಗೆ ಅವನ ಬಾಡಿಗೆಯ ಖೋಲಿ ನೋಡಿಕೊಂಡು, ಅದೇ ದಿನ ಕಚೇರಿಯಲ್ಲಿ ಅವನ ತಿಂಗಳ ಹಾಜರಿಯೂ ಇದ್ದುದರಿಂದ, ಅವನನ್ನು ಕರೆದುಕೊಂಡೇ ಕಚೇರಿಗೆ ಹೊರಟೆ. ರೈಲು ಹಿಡಿದದ್ದು ಯಾವ ಸ್ಟೇಷನ್ನಲ್ಲಿ ಎಂದು ಹೇಳುವುದಿಲ್ಲ, ಯಾಕೆಂದರೆ ಮುಂದೆ ನಾನು ಮಾಡಿದ್ದು ಕಾನೂನಿನ ಪ್ರಕಾರ ಅಪರಾಧ. ಗಂಟೆ ಹನ್ನೊಂದಾಗಿತ್ತು. ನಾವು ನಿಂತ ಪ್ಲಾಟ್‌ಫಾರ್ಮು ಬಿಟ್ಟು ಎದುರಿನದಕ್ಕೆ, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದ ಫಾಸ್ಟ್ ಗಾಡಿ ಬರುತ್ತದೆಂದು ಘೋಷಣೆಯಾಯಿತು. ಸೇತುವೆಯ ಮೆಟ್ಟಿಲ ಮೇಲೆ ಜನ ಗೋಣಿಯಲ್ಲಿ ಆಲೂಗಡ್ಡೆ ತುಂಬಿದ ಹಾಗೆ ತುಂಬಿದ್ದರು. ಕಾಲೇಜಿನ ದಿನಗಳಿಂದ ಹಳಿ ದಾಟಿ ಬೆಳೆದವನು ನಾನು. "ಬಾರೋ, ಹೀಗೇ ಹೋಗಿಬಿಡೋಣ" ಎಂದು ಕೆಳಗೆ ಜಿಗಿದೆ.

"ಸರ, ಬ್ಯಾಡ್ರಿ. ಪೂಲ್ ಮ್ಯಾಲಿಂದ ಹೋಗೂಣ್ರಿ" ಎಂದ ಶರಣಪ್ಪ ಮೇಲಿನಿಂದ.

"ಪೂಲ್ ಹತ್ತಿ ಇಳಿಯುವಷ್ಟರಲ್ಲಿ ಗಾಡಿ ಹೋಗಿರುತ್ತದೆ ಮಾರಾಯ."

"ನನಗ ಕಾಯ್ದೆ ಮುರೀಬ್ಯಾಡ ಅಂತ ನೀವ ಹೇಳೀರಲ್ರಿ."

"ಹಾಗಾದರೆ ನೀನು ಸೇತುವೆ ಹತ್ತಿ ಬಾ" ಎಂದು, ದೊಡ್ಡ ಮನಸ್ಸು ಮಾಡಿ ಅವನಿಗೆ ಕಾನೂನು ಪಾಲಿಸಲು ಅನುಮತಿ ಕೊಟ್ಟು, ಮೊದಲ ಹಳಿ ದಾಟಿದೆ.

ಎರಡನೆಯ ಹಳಿಯ ಮೇಲೆ ಕಂಕುಳಲ್ಲಿದ್ದ ಕಡತ ಜಾರಿತು. ಶರಣಪ್ಪನದೇ ಕಡತ. ನಾನು ಬಗ್ಗಿದೆ. ಇಲ್ಲಿಂದ ಮುಂದಿನದನ್ನು ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ನೋಡುತ್ತೇನೆ, ಆದರೂ ಒಂದು ಸಲ ಕಂಡ ಹಾಗೆ ಇನ್ನೊಂದು ಸಲ ಕಾಣುವುದಿಲ್ಲ. ಒಂದರಲ್ಲಿ ಹಾರ್ನು ಮೊದಲು, ಕಾಲಡಿಯ ಜಲ್ಲಿಯ ನಡುಕ ಆಮೇಲೆ. ಇನ್ನೊಂದರಲ್ಲಿ ನಡುಕ ಮೊದಲು. ಗಾಡಿಯ ಹಣೆಯ ದೀಪ ಹಗಲಲ್ಲೂ ಉರಿಯುತ್ತಿತ್ತು, ಅದು ನನಗೆ ಬಹಳ ಹತ್ತಿರದಲ್ಲಿತ್ತು, ಮತ್ತು ನಾನು ಆಗ ಯೋಚಿಸಿದ್ದು ಇದು ಫಾಸ್ಟೋ ಸ್ಲೋವೋ ಎಂದು. ಇದು ಮಾತ್ರ ಎಲ್ಲ ಸಲವೂ ಒಂದೇ ರೀತಿ ಇರುತ್ತದೆ. ನಾಚಿಕೆಯ ವಿಷಯ, ಆದರೆ ವರದಿಯಲ್ಲಿ ಸುಳ್ಳು ಹೇಳಬಾರದಲ್ಲ.

ಹಿಂದಿನಿಂದ ಯಾರೋ ಕಾಲರು ಹಿಡಿದು ಮೂಟೆಯಂತೆ ಎತ್ತಿದರು. ಎರಡು ಹಳಿಗಳ ನಡುವಿನ ಜಲ್ಲಿಯ ಮೇಲೆ ನಾನು ಬಿದ್ದೆ. ಮೂಗಿನ ಮುಂದೆ ಗಾಡಿ ಹರಿಯುತ್ತಿತ್ತು. ಶರಣಪ್ಪ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಆಮೇಲೆ, ಜೀವ ಉಳಿದು, ಎಲ್ಲ ಮುಗಿದ ಮೇಲೆ, ನನ್ನ ಎಡಗೆನ್ನೆಗೆ ಒಂದು ಬಿಟ್ಟ. ಮೂಟೆ ಹೊರುವ ಕೈ ಅದು. ಗಾಡಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ, ಆದರೆ ಸೇತುವೆಯ ಮೇಲಿದ್ದವರೆಲ್ಲ ನೋಡಿದರು. ಗಾಡಿ ಹೋದ ಮೇಲೆ ನೋಡಿದರೆ ಕಡತ ಆ ಎರಡನೆಯ ಹಳಿಯ ಕಂಬಿಗಳ ಮಧ್ಯೆ ಬಿದ್ದಲ್ಲೇ ಇತ್ತು. ಸರ್ಕಾರಿ ಕಡತದ ಮೇಲೆ ಹನ್ನೆರಡು ಡಬ್ಬಿಯ ರೈಲು ಹೋದರೂ ಒಂದು ಹಾಳೆ ಅಲುಗುವುದಿಲ್ಲ.

ನಾವಿಬ್ಬರೂ ಸೇತುವೆ ಹತ್ತಿ, ಸ್ಲೋ ಗಾಡಿ ಹಿಡಿದು ಕಚೇರಿಗೆ ಬಂದೆವು. ಅಭ್ಯಾಸಬಲದಿಂದ ನಾನು ಪ್ರಶ್ನೆಪಟ್ಟಿ ತೆಗೆದು ಕೇಳುತ್ತಾ ಹೋದೆ. ಏಳನೆಯದಕ್ಕೆ ಬಂದು ನಿಂತೆ. ಶರಣಪ್ಪ ಈ ಸಲ ಬೆರಳು ಮಡಿಸಲಿಲ್ಲ.

"ಹೌದ್ರಿ ಸರ. ಬರ್ಕೊರಿ."

"ಏ, ಅದು ಜೀವ ಉಳಿಸಿದ್ದು."

"ಎಳದದ್ದು ಉಳಸ್ಲಾಕ್ರಿ. ಹೊಡದದ್ದು ಸಿಟ್ಟಿಗ್ರಿ."

"ಹತ್ತು ಎಣಿಸಬೇಕಿತ್ತಲ್ಲ!" ಎಂದೆ ನಾನು, ಬುದ್ಧಿ ನೆಟ್ಟಗಿಲ್ಲದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಹತ್ತು ಎಣಸ್ಲಾಕ ನಿಂತಿದ್ರ ನೀವು ಈಗ ಈ ಫಾರಂ ತುಂಬ್ಲಾಕ ಇರ್ತಿದ್ದಿಲ್ರಿ."

ಜ್ವರ ಬಂದಂತಾಗಿದೆ ಎಂದು ಫಾರಂ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಹೆಂಡತಿ ಸುಜಾತಾ ಬಾಗಿಲು ತೆರೆದವಳೇ "ಎಂತಾಯ್ತು ಗಲ್ಲಕ್ಕೆ?" ಎಂದಳು. ಹಲ್ಲುನೋವು ಎಂದೆ.

"ಹಲ್ಲುನೋವಿಗೆ ಬೆರಳು ಮೂಡ್ತದಾ? ನಾಲ್ಕು ಉಂಟು. ಎಣಿಸಿದೆ ನಾನು."

ಹೇಳಿದೆ. ಹಾರ್ನಿನ ತನಕ ಹೇಳುವಾಗ ಅವಳು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಕಪಾಳದ ಘಟ್ಟಕ್ಕೆ ಬಂದಾಗ ತೋಳು ಬಿಟ್ಟು, "ಒಂದೇ ಹೊಡೆದದ್ದಾ ಮಾರಾಯ್ರೆ? ಬಲಗಡೆ ಖಾಲಿ ಬಿಟ್ಟದ್ದು ಯಾಕೆ?" ಎಂದು ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆ ಕುಕ್ಕುವ ಸದ್ದು ಬಂತು. ಆಮೇಲೆ ಮೂಗು ಏರಿಸುವ ಸದ್ದು ಬಂತು.

ನನ್ನ ಗೊಂದಲ ನೋಡಿ. ಇಲ್ಲ ಎಂದು ಬರೆದರೆ ಸುಳ್ಳು, ಅದೂ ಸೇತುವೆ ತುಂಬ ಸಾಕ್ಷಿಗಳಿರುವ ಸುಳ್ಳು. ಹೌದು ಎಂದು ಬರೆದರೆ ನನ್ನ ಜೀವ ಉಳಿಸಿದವನು ಅದೇ ಕಾರಣಕ್ಕೆ ಕೋರ್ಟಿಗೆ, ಅವನ ಹೆಂಡತಿ ಊರಲ್ಲಿ ಒಬ್ಬಳೇ ಹೆರಿಗೆಗೆ. ಕಾರಣ ಬರೆಯೋಣವೆಂದರೆ ನಾನು ಹಳಿಯ ಮೇಲೆ ಏನು ಮಾಡುತ್ತಿದ್ದೆ ಎಂಬುದನ್ನೂ ಬರೆಯಬೇಕು. ಕಾನೂನು ಪಾಲಿಸುವುದನ್ನು ಕಲಿಸಲು ನೇಮಿಸಿದ ಸಹಾಯಕ ಕಾನೂನು ಮುರಿಯುತ್ತಿದ್ದ, ಕಲಿಯಲು ಬಂದವನು ಬೇಡ ಎನ್ನುತ್ತಿದ್ದ. ನನ್ನ ಕೆಲಸವೂ ಕಂತ್ರಾಟಿನದು. ಎರಡು ದಿನ ಪೆನ್ನು ಹಿಡಿದು ಕೂತೆ. ಒಮ್ಮೆ ಎರಡೂ ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಗುರುತು ಹಾಕಿದೆ, ಎರಡು ಹಳಿಗಳ ನಡುವೆ ಬಿದ್ದ ನನ್ನ ಹಾಗೇ ಇತ್ತು ಅದು. ಅಳಿಸಿದೆ. ಕೊನೆಗೆ ಬುಧವಾರ ಹೌದು ಎಂದು ಹಾಕಿ, ಹಿಂಬದಿಯಲ್ಲಿ ನಡೆದದ್ದೆಲ್ಲವನ್ನೂ, ಫಾಸ್ಟೋ ಸ್ಲೋವೋ ಎಂಬುದರ ಸಮೇತ, ಬರೆದು ಮೇಡಂ ಮುಂದಿಟ್ಟೆ.

ಮೇಡಂ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಮರುದಿನ ಶರಣಪ್ಪನನ್ನು ಕರೆಸಿ, ನನ್ನನ್ನು ನಡುವೆ ನಿಲ್ಲಿಸಿ, ನನ್ನ ಬಾಯಿಂದಲೇ ಕೇಳಿಸಿದರು: ಎಳೆದ ಮೇಲೆ ಅಪಾಯ ಕಳೆದಿತ್ತು, ಮತ್ತೆ ಹೊಡೆದದ್ದೇಕೆ? ನನಗೆ ಬಿದ್ದ ಏಟಿನ ವಿಚಾರಣೆಗೆ ನಾನೇ ದುಭಾಷಿ.

ಶರಣಪ್ಪ ನೆಲ ನೋಡುತ್ತಾ ಹೇಳಿದ: "ಗಾಡಿ ಇನ್ನಾ ಹೊಂಟಿತ್ರಿ. ಸರ ಎದ್ದು 'ಫೈಲು, ಫೈಲು' ಅಂತ ಮತ್ತ ಅದರ ಕಡೆ ಹೊಂಟ್ರು. ನನಗ ತಡೀಲಿಲ್ರಿ."

ನಾನು ಅನುವಾದಿಸಲಿಲ್ಲ. ನನಗೆ ಇದು ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಸಲ ನೋಡುವ ದೃಶ್ಯದಲ್ಲಿ ಈ ಭಾಗವೇ ಇಲ್ಲ. ಅದೊಂದನ್ನು ಯಾರು ಕತ್ತರಿಸಿ ತೆಗೆದರೋ ಗೊತ್ತಿಲ್ಲ. ಆರೋಪಿಗಳಿಗೆಂದು ಇಟ್ಟ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಮೇಡಂಗೆ ಕನ್ನಡ ಬಾರದಿದ್ದರೂ 'ಫೈಲು' ಅರ್ಥವಾಗಿತ್ತು. ಬಾಕಿಯದನ್ನು ಶರಣಪ್ಪ ಹರಕು ಹಿಂದಿಯಲ್ಲಿ ತಾನೇ ಹೇಳಿದ.

ಮೇಡಂ ನನ್ನ 'ಹೌದು'ವನ್ನು ಹಾಗೇ ಉಳಿಸಿ, ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ ಬರೆದರು: "ನಮ್ಮ ಸಹಾಯಕನ ಮೇಲೆ, ಆತ ಎರಡನೇ ಸಲ ಸಾಯದಂತೆ ತಡೆಯಲು. ಷರತ್ತು ಮುರಿದಂತಾಗುವುದಿಲ್ಲ." ಶರಣಪ್ಪ ಎರಡೂ ಕೈ ಮುಗಿದು ಗೋಡೆಗೆ ಒರಗಿದ. ಆಮೇಲೆ ಮೇಡಂ ನನ್ನ ಕಡೆ ತಿರುಗಿ, ಹಳಿ ದಾಟುವುದು ಅಪರಾಧವೆಂದು ಗೊತ್ತೇ ಎಂದರು. ಗೊತ್ತು ಎಂದೆ. ಮೊದಲ ಸಲವೇ ಎಂದರು. ನಾನು ಉತ್ತರಕ್ಕೆ ತಡಕಾಡುವುದನ್ನು ನೋಡಿ, ಸಿಕ್ಕಿಬಿದ್ದದ್ದು ಮೊದಲ ಸಲ ಎಂದು ಬರೆದುಕೊಳ್ಳುತ್ತೇನೆ, ಇನ್ನು ಮೇಲೆ ಸೇತುವೆ ಹತ್ತಬೇಕು, ಪ್ರತಿ ತಿಂಗಳು ಇವನು ನಿನ್ನನ್ನು ಕೇಳುತ್ತಾನೆ ಎಂದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಇವತ್ತಿಗೂ ತಿಳಿಯದು. ಶರಣಪ್ಪ ಮಾತ್ರ ಇದನ್ನೂ ಕೋರ್ಟಿನ ಆದೇಶವೆಂದೇ ತಿಳಿದ.

ಮೊನ್ನೆಯ ಹಾಜರಿಗೆ ಪೇಡೆಯ ಡಬ್ಬಿ ತಂದಿದ್ದ. ಹೆಣ್ಣುಮಗು. ಏಳನೆಯ ಪ್ರಶ್ನೆಗೆ ಬೆರಳು ಮಡಿಸಿ ಲೆಕ್ಕ ಹಾಕಿ "ಇಲ್ರಿ ಸರ" ಎಂದ. ನಾನು ಗುರುತು ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಕುರ್ಚಿ ಮುಂದೆಳೆದು ಕೂತ.

"ಈಗ ನಿಮ್ದು. ಈ ತಿಂಗಳ ಹಳಿ ದಾಟೀರೇನ್ರಿ?"

ದಾಟಿರಲಿಲ್ಲ. ಆದರೆ ಹಿಂದಿನ ಗುರುವಾರ ಸೇತುವೆಯ ಮೇಲೆ ಜನ ತುಂಬಿದ್ದಾಗ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ಎರಡೂ ಕಡೆ ನೋಡಿ, ಚಪ್ಪಲಿಯ ಪಟ್ಟಿ ಬಿಗಿ ಮಾಡಿದ್ದೆ. ಅಷ್ಟರಲ್ಲಿ ಎಲ್ಲೋ ಹಾರ್ನು ಕೇಳಿಸಿ, ಬೆವರಿ, ಹಿಂದೆ ಬಂದಿದ್ದೆ. ಬರೀ ಪಟ್ಟಿ ಬಿಗಿ ಮಾಡಿದ್ದಕ್ಕೆ ಹೌದು ಎನ್ನಬೇಕೋ, ಇಲ್ಲ ಎನ್ನಬೇಕೋ? ಉತ್ತರಿಸುವ ಮೊದಲು ಮನಸ್ಸಿನಲ್ಲೇ ಎಣಿಸತೊಡಗಿದೆ. ಆರಕ್ಕೋ ಏಳಕ್ಕೋ ಬಂದಾಗ ಶರಣಪ್ಪ ಕೈ ಚಾಚಿ ನನ್ನ ಮೇಜಿನ ಪೆನ್ನು ತೆಗೆದುಕೊಂಡ.

"ಹೇಳೂದ ಬ್ಯಾಡ ಬಿಡ್ರಿ ಸರ" ಎಂದ. "ನಿಮ್ಮ ಕೈ ಆಗಲೇ ಗಲ್ಲದ ಮ್ಯಾಲ ಹೋಗ್ಯಾದ."