ಮೋಡಕ್ಕೆಂದು ತಂದ ಮರಳು

ಬೆಳಗಿನಿಂದ ಬೆಕ್ಕು ಒಂದು ಹನಿಯೂ ಮೂತ್ರ ಮಾಡಿರಲಿಲ್ಲ. ನಿಂಗರಾಜುವಿನ ಪಾಡಿಗೆಲ್ಲ ಅದೇ ಮೂಲ.

ಬೂದು ಬಣ್ಣದ ಆ ಗಂಡು ಬೆಕ್ಕಿಗೆ ಮೋಡ ಎಂದು ಹೆಸರಿಟ್ಟವಳು ಹೆಂಡತಿ ಕೋಮಲ. ಹೋದ ತಿಂಗಳು ಅದಕ್ಕೆ ಮೂತ್ರ ಕಟ್ಟಿಕೊಂಡು, ಮೈಸೂರಿನಲ್ಲಿ ನಳಿಕೆ ಹಾಕಿಸಿದ ಮೇಲೆ ಜೀವ ಉಳಿದಿತ್ತು. ಮತ್ತೆ ಹಾಗಾಗದಿರಲು ಡಾಕ್ಟರ್ ವಾಣಿ ಹೇಳಿದ್ದರು: ನೀರು ಚೆನ್ನಾಗಿ ಕುಡಿಸಿ, ಒಣ ತಿಂಡಿ ಕಡಿಮೆ ಮಾಡಿ, ಮೂತ್ರಕ್ಕಿಡುವ ಮರಳು ಚೊಕ್ಕಟವಾಗಿಡಿ, ಗಾಬರಿ ಮಾಡಬೇಡಿ. ಬೆಳಗ್ಗೆ ಹೆಮ್ಮರಗಾಲದ ತವರಿಗೆ ಹೊರಟ ಕೋಮಲ ಬಾಗಿಲಲ್ಲಿ ನಿಂತು, "ಸಂಜೆ ಬಸ್ಸಿಗೆ ಬತ್ತೀನಿ. ಮೋಡಂಗೇನಾರ ಆಗಿದ್ರೆ ಅದೇ ಬಸ್ಸಲ್ಲಿ ವಾಪಸ್ ಓಯ್ತೀನಿ, ಅಷ್ಟೇಯ" ಎಂದಿದ್ದಳು.

ನಿಂಗರಾಜು ಕಚೇರಿಗೆ ರಜೆ ಹಾಕಿದ. ನಲ್ಲಿ ನೀರನ್ನು ಮೋಡ ಮೂಸಿ ಮುಖ ತಿರುಗಿಸಿದ್ದಕ್ಕೆ, ಊರಂಚಿನ ಕಾವೇರಿ-ಕಪಿಲೆ ಸಂಗಮಕ್ಕೆ ಹೋಗಿ ಚೊಂಬಿನಲ್ಲಿ ಹೊಳೆನೀರು ತಂದ. ಮರಳಿನ ಪ್ಲಾಸ್ಟಿಕ್ ತಟ್ಟೆ ಸೀಳಿತ್ತು. ಹಿತ್ತಾಳೆ ಹರಿವಾಣಕ್ಕೆ ತಲಕಾಡಿನ ರವೆಯಂಥ ಮರಳು ಸುರಿದ. ಮೋಡ ನಾಲ್ಕು ಗುಟುಕು ಕುಡಿದು, ಕಿಟಕಿಯ ಬಿಸಿಲಲ್ಲಿ ತಪಸ್ಸಿಗೆ ಕೂತ ಋಷಿಯ ಹಾಗೆ ಕಣ್ಣು ಮುಚ್ಚಿತು. ನೋಡುತ್ತ ನೋಡುತ್ತ ನಿಂಗರಾಜುವಿಗೂ ಜೋಂಪು ಹತ್ತಿತು. ಕನಸಿನಲ್ಲಿ ಕಾವೇರಿ ಅಡುಗೆಮನೆಯಿಂದಲೂ ಕಪಿಲೆ ಜಗಲಿಯಿಂದಲೂ ಮೆಲ್ಲಗೆ ಹರಿದು ಬಂದು ಹರಿವಾಣದಲ್ಲಿ ಕೂಡುತ್ತಿದ್ದವು. ಆಚೆ ದಡದಲ್ಲಿ ಕೂತ ಮೋಡ, "ನಂಗ್ಯಾಕೋ ಬತ್ತಿಲ್ಲ ಕಣಪ್ಪ" ಎನ್ನುತ್ತಿತ್ತು.

ಗಂಟೆಯ ಸದ್ದಿಗೆ ಎಚ್ಚರವಾಯಿತು. ಪಕ್ಕದ ಮನೆಯ ದೊಡ್ಡಮ್ಮ ಹರಿವಾಣದ ಮರಳನ್ನು ಹೊಳೆನೀರಲ್ಲಿ ಕಲಸಿ, ಲಿಂಗ ಮಾಡಿ, ಕಣಗಿಲೆ ಏರಿಸಿ ಆರತಿ ಎತ್ತುತ್ತಿದ್ದರು.

"ಸೋಮವಾರ, ಸಂಗಮದ್ ನೀರು, ತಲಕಾಡ್ ಮರಳು! ಎಲ್ಲಾ ಅಣಿ ಮಾಡ್ಕಂಡು ನೀನು ಮನಗ್ಬುಟ್ಟಿದ್ದೆ ಮಗ. ನಾನೇ ಪೂಜೆ ಮಾಡ್ದೆ."

"ದೊಡ್ಡಮ್ಮ, ಅದು ಬೆಕ್ಕಿಗೆ..."

"ಗೊತ್ತು ಕಣಪ್ಪ, ಬೆಕ್ಕಿನ ಆರೋಗ್ಯಕ್ಕೆ ಅಂತ. ಎತ್ತ ಅಪ್ಪ-ಅವ್ವಂಗೇ ಯಾರ್ ಇಂಗ್ ಮಾಡಾರು!"

ಅದು ಮೂತ್ರಕ್ಕಿಟ್ಟ ಮರಳು ಎಂದು ಅವನು ಬಾಯಿ ಬಿಡುವಷ್ಟರಲ್ಲಿ ಬೀದಿಯ ಹೆಂಗಸರು ಬಂದರು. ಎದುರುಮನೆ ಚಿಕ್ಕಬಸಪ್ಪ ತಾಳ ತಂದ.

"ಬಸಪ್ಪಣ್ಣ, ಮೆಲ್ಲಗೆ. ಬೆಕ್ಕಿಗೆ ಟೆನ್ಷನ್ ಆಗಬಾರ್ದಂತೆ."

"ಬೆಕ್ಕು ತೂಕಡಿಸ್ತಾ ಅದೆ. ಬೆವರ್ತಿರೋನು ನೀನು ಕಣ್ಲಾ!"

ಮೋಡ ಎದ್ದು ಮರಳನ್ನೊಮ್ಮೆ, ಜನರನ್ನೊಮ್ಮೆ ನೋಡಿ ಒಳಕೋಣೆಗೆ ನಡೆಯಿತು.

ಭಜನೆ ಮುಗಿದಾಗ ನಾಲ್ಕು ಗಂಟೆ. ನಿಂಗರಾಜು ಹಾಸಿಗೆ, ಮೂಲೆ, ರಾಗಿ ಮೂಟೆ ಎಲ್ಲ ತಡವಿದ. ಎಲ್ಲೆಲ್ಲೂ ಒಣ. ಫೋನು ಮಾಡಿದರೆ ಡಾಕ್ಟರ್ ವಾಣಿ ಸಿಡಿದರು: "ಇನ್ನೂ ಕಾಯ್ತಾ ಕೂತಿದ್ದೀರಾ? ಜೀವಕ್ಕೇ ಅಪಾಯ, ಈಗ್ಲೇ ತನ್ನಿ!"

ನಿಂಗರಾಜು ಮೋಡವನ್ನು ಬುಟ್ಟಿಗೆ ಹಾಕಿದ. ಮಂಚದ ಪಕ್ಕ ಅಂಗಾತ ಬಿದ್ದಿದ್ದ ಹೆಲ್ಮೆಟ್ಟನ್ನು ಎತ್ತಿ ತಲೆಗೆ ಕವುಚಿಕೊಂಡ.

ನೆತ್ತಿಯಿಂದ ಕಿವಿಗೆ, ಕಿವಿಯಿಂದ ಕೊರಳಿಗೆ ಅಭಿಷೇಕದಂತೆ ಧಾರೆ ಇಳಿಯಿತು. ನಾತಕ್ಕೆ ಕಣ್ಣು ಉರಿಯಿತು. ಅಂಥ ಆನಂದವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಡಾಕ್ಟರಿಗೆ ಮತ್ತೆ ಫೋನು ಮಾಡಿದ.

"ಆಯ್ತು ಮೇಡಂ! ಧಾರಾಳವಾಗಿ ಆಯ್ತು! ಹೆಲ್ಮೆಟ್ಟಲ್ಲಿ!"

"ಸದ್ಯ! ಇನ್ಮೇಲೆ ಅದು ಆರಿಸ್ಕೊಂಡ ಜಾಗ ತಪ್ಪಿಸ್ಬೇಡಿ. ಗಾಬರಿಯಾದ್ರೆ ಮತ್ತೆ ಕಟ್ಕೊಂಡೀತು."

ಸಂಜೆ ಬಂದ ಕೋಮಲ ಹೆಲ್ಮೆಟ್ಟಿಗೆ ತಲಕಾಡಿನ ಮರಳು ತುಂಬಿ ಕಿಟಕಿ ಬಳಿ ಇಟ್ಟಳು. ಹರಿವಾಣದ ಪೂಜೆಗೆ ಸೋಮವಾರ ಸೋಮವಾರ ಬರುವುದಾಗಿ ದೊಡ್ಡಮ್ಮ ಹೇಳಿ ಹೋದರು.

ಮಾರನೆಯ ದಿನ ನಿಂಗರಾಜು ಹೊಸ ಹೆಲ್ಮೆಟ್ ತಂದು ಎತ್ತರದ ಮೊಳೆಗೆ ನೇತುಹಾಕಿದ. ಮೋಡ ಹಳೆಯದನ್ನು ಮೂಸಿ ಮುಖ ತಿರುಗಿಸಿತು. ಆಮೇಲೆ ಮೊಳೆಯ ಕೆಳಗೆ ಕೂತು, ಹುಣ್ಣಿಮೆ ಚಂದ್ರನನ್ನು ನೋಡುವಂತೆ ಮೇಲೆ ನೋಡತೊಡಗಿತು.

"ರೀ," ಕೋಮಲ ಮೆಲ್ಲಗೆ ಅಂದಳು, "ಇಳಿಸಿ ಅದನ್ನ. ಡಾಕ್ಟ್ರು ಏನಂದ್ರು ನೆನಪೈತಲ್ಲ?"